ಕರ್ವೇನಗರದ ವಾಚನಾಲಯ: ಮಗನ ಪ್ರಶ್ನೆಗೆ ಕಾಕಾ ಕೊಟ್ಟ ಎರಡು ಪುಸ್ತಕ

ಜೂನ್ ತಿಂಗಳ ಒಂದು ರಾತ್ರಿ ಊಟಕ್ಕೆ ಕೂತಾಗ ನನ್ನ ಮಗ, "ನಾನು ಸೈನ್ಸ್ ಫಿಕ್ಷನ್ ಬರೀತೀನಿ, ಅದೇ ನನ್ನ ಕೆಲಸ" ಎಂದ. ಅವನಿಗೆ ಹದಿನಾಲ್ಕು ವರ್ಷ. ನಮ್ಮವರು ರೊಟ್ಟಿ ಮುರಿಯುತ್ತಾ, "ಆಗಲಿ. ಅದರಾಗ ಎಷ್ಟು ಬರ್ತದ?" ಎಂದು ಕೇಳಿದರು. ಬೈದದ್ದಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದು. ಹದಿನಾರು ವರ್ಷದಿಂದ ನಾನು ಪುಣೆಯ ಸ್ವಾರಗೇಟ್ ಹತ್ತಿರದ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತೇನೆ. ಕಿರಾಣಿ ಅಂಗಡಿಯವರು, ಡಾಕ್ಟರು, ಲಾರಿ ಮಾಲೀಕರು, ಎಲ್ಲರ ಲೆಕ್ಕ ಬರೆದಿದ್ದೇನೆ. ಕಾದಂಬರಿ ಬರೆಯುವವರ ಲೆಕ್ಕ ಮಾತ್ರ ನನ್ನ ಕೈಗೆ ಬಂದೇ ಇರಲಿಲ್ಲ.

ಮರುದಿನ ಆಫೀಸಿನಿಂದ ಬರುವಾಗ ನಮ್ಮ ವಾಚನಾಲಯಕ್ಕೆ ಹೋಗಿ, ಅದನ್ನು ನಡೆಸುವ ಕಾಕಾ ಅವರನ್ನೇ ಕೇಳಿದೆ. ಪುಣೆಯ ಕರ್ವೇನಗರ, ಕೋಥರೂಡ ಕಡೆ ಇರುವ ಕನ್ನಡದವರಿಗೆ ಈ ವಾಚನಾಲಯದ ಬಗ್ಗೆ ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆ. ಮೆಟ್ಟಿಲು ಹತ್ತುವಾಗಲೇ ಬಿಸಿ ಜೋಳದ ಹಿಟ್ಟಿನ ವಾಸನೆ ಬರುತ್ತದೆ. ಡಿಪಾಸಿಟ್ 1,000 ರೂಪಾಯಿ, ಬಿಡುವಾಗ ವಾಪಸ್. ಒಂದು ಸಲಕ್ಕೆ ಎರಡು ಪುಸ್ತಕಕ್ಕೆ ತಿಂಗಳಿಗೆ 250, ಮೂರಕ್ಕೆ 350. ಹದಿನೈದು ದಿನ ಇಟ್ಟುಕೊಳ್ಳಬಹುದು, ಆಮೇಲೆ ದಿನಕ್ಕೆ 2 ರೂಪಾಯಿ. ಇನ್ನೂ 50 ಕೊಟ್ಟರೆ ಮಂಗಳವಾರ, ಶುಕ್ರವಾರ ಮನೆಗೇ ತಂದುಕೊಡುತ್ತಾರೆ. ಮಧ್ಯಾಹ್ನ ಒಂದರಿಂದ ನಾಲ್ಕು ಗಂಟೆ ಬಾಗಿಲು ಹಾಕಿರುತ್ತದೆ, ಪುಣೆಯಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಕಾಕಾ ನನ್ನ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡರು. ಕಂಪ್ಯೂಟರ್ ಮುಟ್ಟಲಿಲ್ಲ. ನೇರವಾಗಿ ಒಳಕೋಣೆಗೆ ಹೋಗಿ ದಪ್ಪನೆಯ ಒಂದು ಇಂಗ್ಲಿಷ್ ಪುಸ್ತಕ ತಂದರು. ಅಮೆರಿಕದ ವಿಜ್ಞಾನ ಕಾದಂಬರಿಕಾರ ಐಸಾಕ್ ಅಸಿಮೋವ್ ಅವರ ಆತ್ಮಕಥೆ, ಅವರು ತೀರಿಕೊಂಡ ಮೇಲೆ 1994ರಲ್ಲಿ ಬಂದದ್ದು. "ವಹಿನಿ, ಇವರು ಬರೆದೇ ಬದುಕಿದವರು. ಇನ್ನೊಬ್ಬರು ಕೆಲಸ ಮಾಡ್ತಾ ಬರೆದವರು, ನಮ್ಮ ಪುಣೆಯವರೇ. ಆ ಪುಸ್ತಕಕ್ಕೆ ಏಳು ಜನ ಕಾಯ್ತಿದ್ದಾರೆ, ನಿಮ್ಮ ಹೆಸರು ಬರೆದಿಡ್ತೀನಿ. ಎರಡೂ ಓದಿ, ಆಮೇಲೆ ಹುಡುಗನಿಗೆ ಉತ್ತರ ಹೇಳಿ" ಎಂದರು. ಜನ ಕಾಯುತ್ತಿದ್ದ ಆ ಪುಸ್ತಕ ಖಗೋಳ ವಿಜ್ಞಾನಿ, ವಿಜ್ಞಾನ ಕಥೆಗಾರ ಜಯಂತ ನಾರ್ಳೀಕರ್ ಅವರ ಮರಾಠಿ ಆತ್ಮಕಥೆ. 2025ರ ಮೇ 20ರಂದು ಅವರು ತೀರಿಕೊಂಡಿದ್ದರು. ಊರೆಲ್ಲ ಅದನ್ನೇ ಕೇಳುತ್ತಿತ್ತು.

ಅಸಿಮೋವ್ ಜೀವನವನ್ನು ನಾನು ಪೆನ್ಸಿಲ್ ಹಿಡಿದೇ ಓದಿದೆ. ರಷ್ಯಾದಲ್ಲಿ ಹುಟ್ಟಿ, ಮೂರು ವರ್ಷದವರಿದ್ದಾಗ 1923ರಲ್ಲಿ ಮನೆಯವರ ಜೊತೆ ಅಮೆರಿಕಕ್ಕೆ ಬಂದವರು. ಅಪ್ಪ ಬ್ರೂಕ್ಲಿನ್‌ನಲ್ಲಿ ಮಿಠಾಯಿ ಅಂಗಡಿ ಇಟ್ಟಿದ್ದರು. ಅಂಗಡಿಯಲ್ಲಿ ಮಾರುವ ಅಗ್ಗದ ಕಥೆಪತ್ರಿಕೆಗಳನ್ನು ಮಗ ಓದುವುದು ಅಪ್ಪನಿಗೆ ಇಷ್ಟವಿರಲಿಲ್ಲ. ಒಂದು ಪತ್ರಿಕೆಯ ಹೆಸರಿನಲ್ಲಿ 'ವಿಜ್ಞಾನ' ಎಂಬ ಪದ ಇದ್ದುದರಿಂದ ಒಪ್ಪಿಕೊಂಡರು. 1938ರಲ್ಲಿ ಮೊದಲ ಕಥೆಯನ್ನು ತಾನೇ ಸಂಪಾದಕರ ಕಚೇರಿಗೆ ತೆಗೆದುಕೊಂಡು ಹೋಗಿ ಕೊಟ್ಟರು. ವಾಪಸ್ ಬಂತು. ಅದೇ ವರ್ಷ ಇನ್ನೊಂದು ಕಥೆ ಮಾರಾಟವಾಯಿತು. ಪದಕ್ಕೆ ಒಂದು ಸೆಂಟ್. 6,400 ಪದ, 64 ಡಾಲರ್. ಈ ಸಾಲನ್ನು ನಾನು ಮಗನಿಗೆ ಎರಡು ಸಲ ಓದಿ ಹೇಳಿದೆ.

ಆಮೇಲೆ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದರು. 1949ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಕೆಲಸ, ವರ್ಷಕ್ಕೆ 5,000 ಡಾಲರ್. 1952ರ ಹೊತ್ತಿಗೆ ಬರವಣಿಗೆಯ ಆದಾಯ ಸಂಬಳವನ್ನು ದಾಟಿತು. ಮೊದಲ ಚೆಕ್ಕಿನಿಂದ ಅಲ್ಲಿಗೆ ಹದಿನಾಲ್ಕು ವರ್ಷ! ಕಾಲೇಜಿನ ಕೆಲಸ ಬಿಟ್ಟು ಬರಿ ಬರವಣಿಗೆಗೇ ನಿಂತದ್ದು 1958ರಲ್ಲಿ. ಇನ್ನೊಂದು ವಿಷಯ ನನ್ನನ್ನು ತುಂಬಾ ತಟ್ಟಿತು. ಅವರ 'ಫೌಂಡೇಶನ್' ಎಂಬ ಸರಣಿಯ ಕಥೆಗಳನ್ನು ಮೊದಲು ಪುಸ್ತಕ ಮಾಡಿದ ಸಣ್ಣ ಪ್ರಕಾಶಕರು ರಾಯಲ್ಟಿಯನ್ನು, ಅಂದರೆ ಮಾರಿದ ಪ್ರತಿಗಳ ಮೇಲೆ ಲೇಖಕರಿಗೆ ಸೇರಬೇಕಾದ ಪಾಲನ್ನು, ಸರಿಯಾಗಿ ಕೊಡಲೇ ಇಲ್ಲ. 1961ರಲ್ಲಿ ಹಕ್ಕು ದೊಡ್ಡ ಪ್ರಕಾಶಕರ ಕೈಗೆ ಹೋದ ಮೇಲೆ ಅವೇ ಪುಸ್ತಕಗಳು ಸಾಯುವವರೆಗೂ ದುಡ್ಡು ತಂದವು. ಕಥೆಯ ಒಂದು ಅಕ್ಷರವೂ ಬದಲಾಗಿರಲಿಲ್ಲ. ಬದಲಾದದ್ದು ಕರಾರು ಪತ್ರ. ಬರೆಯುವ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಮುಂದೆ 1982ರಲ್ಲಿ ಅದೇ ಸರಣಿಯ ಕಾದಂಬರಿ ಅವರನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹೆಚ್ಚು ಮಾರಾಟವಾಗುವ ಪುಸ್ತಕಗಳ ಪಟ್ಟಿಗೆ ಮೊದಲ ಸಲ ಏರಿಸಿತು. ಅಷ್ಟರಲ್ಲಿ ಅವರು ಇನ್ನೂರೈವತ್ತಕ್ಕಿಂತ ಜಾಸ್ತಿ ಪುಸ್ತಕ ಬರೆದಾಗಿತ್ತು. ಅರವತ್ತೆರಡು ವರ್ಷ ವಯಸ್ಸು.

ನಾರ್ಳೀಕರ್ ಪುಸ್ತಕ ಆಗಸ್ಟ್‌ನಲ್ಲಿ ಸಿಕ್ಕಿತು. ಅದನ್ನು ನಮ್ಮವರೇ ಮೊದಲು ಹಿಡಿದರು, ಧಾರವಾಡದಲ್ಲಿ ಬೆಳೆದರೂ ಅವರಿಗೆ ಮರಾಠಿ ಓದು ಸಲೀಸು. ಕೊಲ್ಹಾಪುರದಲ್ಲಿ ಹುಟ್ಟು, ಬನಾರಸ್, ಕೇಂಬ್ರಿಜ್, ಮುಂಬೈ, ಕೊನೆಗೆ ಪುಣೆ. ಕೇಂಬ್ರಿಜ್‌ನಲ್ಲಿ ಅವರ ಗುರು ಫ್ರೆಡ್ ಹಾಯ್ಲ್ ಕೂಡ ವಿಜ್ಞಾನ ಕಾದಂಬರಿ ಬರೆದವರು. 1972ರಲ್ಲಿ ಅಲ್ಲಿಂದ ಮುಂಬೈನ ಟಾಟಾ ಸಂಶೋಧನಾ ಸಂಸ್ಥೆಗೆ ಬಂದರು. ಎರಡು ವರ್ಷದ ಮೇಲೆ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ಮೊದಲ ಕಥೆ ಕಳಿಸಿದರು. ಹೆಸರು ನೋಡಿ ಬಹುಮಾನ ಕೊಡಬಾರದು ಎಂದು ನಾರಾಯಣ ವಿನಾಯಕ ಜಗತಾಪ ಎಂಬ ಸುಳ್ಳು ಹೆಸರು. ಅವರದೇ ಇನಿಶಿಯಲ್ ತಿರುವು ಮುರುವು. ಅಕ್ಷರ ಗೊತ್ತಾಗಬಾರದು ಎಂದು ಹೆಂಡತಿ ಮಂಗಳಾ ಅವರ ಕೈಯಲ್ಲಿ ಬರೆಸಿದರು. ಮೊದಲ ಬಹುಮಾನ ಬಂತು. ನಮ್ಮವರು ಈ ಪುಟ ಓದಿ ನನ್ನನ್ನು ಅಡುಗೆಮನೆಯಿಂದ ಕೂಗಿ ಕರೆದರು.

ಆದರೆ ನಾರ್ಳೀಕರ್ ಮನೆ ನಡೆದದ್ದು ಕಥೆಗಳಿಂದಲ್ಲ. ಸಂಬಳ ವಿಜ್ಞಾನಿಯದು. 1988ರಲ್ಲಿ ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿ ಶುರುವಾದ, ಖಗೋಳ ವಿಜ್ಞಾನದ ಆಯುಕಾ ಸಂಸ್ಥೆಯನ್ನು ಕಟ್ಟಿ, 2003ರವರೆಗೆ ಅದರ ನಿರ್ದೇಶಕರಾಗಿದ್ದರು. ಈ ಆತ್ಮಕಥೆಗೆ 2014ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಮೊತ್ತ 1 ಲಕ್ಷ ರೂಪಾಯಿ.

ಒಂದು ಭಾನುವಾರ ಮಗನನ್ನು ಕೂರಿಸಿಕೊಂಡು ನಮ್ಮ ಕಡೆಯ ಲೆಕ್ಕ ಬರೆದೆ. ಪುಸ್ತಕದ ಬೆಲೆ 300, ರಾಯಲ್ಟಿ ಹತ್ತು ಪರ್ಸೆಂಟ್ ಎಂದು ಹಿಡಿಯೋಣ. ಸಾವಿರ ಪ್ರತಿ ಪೂರ್ತಿ ಮಾರಾಟವಾದರೆ 30,000. ಅವನು ಸುಮ್ನೆ ಆ ಅಂಕಿಯನ್ನೇ ನೋಡುತ್ತಾ ಕೂತ. ಆಮೇಲೆ, "ಹಂಗಾದ್ರ ನಾನು ಫಿಸಿಕ್ಸೂ ಓದ್ತೀನಿ, ಕಥೀನೂ ಬರೀತೀನಿ. ನಾರ್ಳೀಕರ್ ಸರ್ ಮಾಡಿದ್ರಲ್ಲ" ಎಂದ. ಅವರಪ್ಪ ಹೂಂ ಎಂದರು.

ಈಗ ವಾಚನಾಲಯದ ಕೊರತೆಗಳು. ಅಸಿಮೋವ್ ಪುಸ್ತಕದ ಬೈಂಡಿಂಗ್ ಬಿಟ್ಟುಹೋಗಿತ್ತು, ನಡುವೆ ಎಂಟು ಪುಟ ಇರಲೇ ಇಲ್ಲ. ಹೇಳಿದ ನಾಲ್ಕನೇ ದಿನಕ್ಕೆ ಕಾಕಾ ಬೇರೆ ಕಡೆಯಿಂದ ಪ್ರತಿ ತರಿಸಿ, ಆ ಪುಟಗಳ ಝೆರಾಕ್ಸ್ ಮಾಡಿಸಿ ಅಂಟಿಸಿದರು. ಆದರೂ ಕೊಡುವ ಮುಂಚೆ ಪುಟ ನೋಡಿ ಕೊಡಬೇಕಿತ್ತು. ಮಳೆಗಾಲದಲ್ಲಿ ಮನೆಗೆ ತಂದುಕೊಡುವುದು ಎರಡು ಸಲ ತಪ್ಪಿತು, ಫೋನ್ ಕೂಡ ಬರಲಿಲ್ಲ. ಇಂಗ್ಲಿಷ್ ವಿಜ್ಞಾನ ಕಥೆಗಳಿಗೆ ಇರುವುದು ಒಂದೂವರೆ ರ್‍ಯಾಕ್ ಅಷ್ಟೇ. ಓದುವ ಹುಡುಗರಿಗೆ ಅದು ಆರು ತಿಂಗಳಿಗೆ ಮುಗಿಯುತ್ತದೆ.

ಕನ್ನಡ ಪುಸ್ತಕ ಒಂದೂ ಇರಲಿಲ್ಲ. ಅದು ನನಗೆ ಬಹಳ ಬೇಜಾರಿನ ವಿಷಯ. ಕೇಳಿದಾಗ ಕಾಕಾ, "ನೀವು ತಂದುಕೊಡಿ, ನಾನು ಜಾಗ ಮಾಡ್ತೀನಿ" ಎಂದರು. ದಸರೆಗೆ ಊರಿಗೆ ಹೋದಾಗ ತಂದೆಯವರ ಕಪಾಟಿನಿಂದ ಹನ್ನೊಂದು ಪುಸ್ತಕ ತಂದುಕೊಟ್ಟೆ. ಬಾಗಿಲ ಎಡಕ್ಕೆ, ಮಕ್ಕಳ ಪುಸ್ತಕಗಳ ಮೇಲಿನ ಸಾಲಿನಲ್ಲಿ ಇಟ್ಟಿದ್ದಾರೆ. ಕನ್ನಡ ಎಂದು ನನ್ನ ಕೈಯಿಂದಲೇ ಚೀಟಿ ಬರೆಸಿ ಅಂಟಿಸಿದರು.

ಹೋಗುವವರು ಸಂಜೆ ಐದರ ಮೇಲೆ ಹೋಗಿ, ಆಗ ಕಾಕಾ ಅವರೇ ಇರುತ್ತಾರೆ. ಅವರ ಸಹಾಯಕ ಹುಡುಗ ಒಳ್ಳೆಯವನು, ಆದರೆ ಅವನಿಗೆ ಹೆಸರು ಹೇಳಿದರೆ ಮಾತ್ರ ಪುಸ್ತಕ ಸಿಗುತ್ತದೆ. ಕಾಕಾಗೆ ಪ್ರಶ್ನೆ ಹೇಳಿದರೆ ಸಾಕು. ಅಸಿಮೋವ್ ಪುಸ್ತಕವನ್ನು ಮಗ ಎರಡನೇ ಸಲ ತಂದಿದ್ದಾನೆ, ಶುಕ್ರವಾರ ವಾಪಸ್ ಹೋಗುತ್ತದೆ. ಬೇಕಾದವರು ಈಗಲೇ ಹೆಸರು ಬರೆಸಿಡಿ.