3 ಎಂಎಲ್ ಲೂಯರ್ ಲಾಕ್ ಸಿರಿಂಜು: ತೊಡೆಗೆ ತಾವೇ ಚುಚ್ಚಿಕೊಳ್ಳುವವರಿಗೆ

ವೈದ್ಯರು ಬರೆದುಕೊಟ್ಟ ಎಣ್ಣೆ ಬೆರೆತ ಮದ್ದಿಗೆ ಸೂಜಿಯನ್ನು ಬರೀ ಒತ್ತಿ ಸಿಕ್ಕಿಸುವ ಸ್ಲಿಪ್ ಮಾದರಿಯ ಸಿರಿಂಜು ಬೇಡವೇ ಬೇಡ; ಒತ್ತಡಕ್ಕೆ ಸೂಜಿ ಕಳಚಿ ಮದ್ದು ನೆಲದ ಪಾಲಾಗಬಹುದು. ತಿರುಗಿಸಿ ಬಿಗಿಯುವ ಲಾಕ್‌ನಲ್ಲಿ ಆ ಕಾಟವಿಲ್ಲ. ಹಸಿರು ಬುಡದ 21 ಗೇಜ್ (ಸೂಜಿಯ ದಪ್ಪದ ಅಳತೆ) ಸೂಜಿಯಲ್ಲಿ ಮದ್ದೆಳೆದು, ನೀಲಿ ಬುಡದ 23 ಗೇಜ್, 25 ಮಿ.ಮೀ. ಸೂಜಿಗೆ ಬದಲಿಸಿ ಚುಚ್ಚಿ. ಬಾಟಲಿಯ ರಬ್ಬರು ಮುಚ್ಚಳ ತೂರಿದ ಮೊನೆ ಮೊಂಡಾಗಿರುತ್ತದೆ, ಅದರಿಂದ ನೋವು ಹೆಚ್ಚು. ದಪ್ಪ ಮೈಯವರಿಗೆ 38 ಮಿ.ಮೀ. ಬೇಕಾದೀತು, ನರ್ಸನ್ನು ಕೇಳಿ.

ಜಾಗ: ತೊಡೆಯ ಹೊರಮಗ್ಗುಲಿನ ನಡುಭಾಗ. ಸ್ಪಿರಿಟ್ ಪೂರ್ತಿ ಆರಲಿ, ಇಲ್ಲದಿದ್ದರೆ ಉರಿ. ನೇರ 90 ಡಿಗ್ರಿಯಲ್ಲಿ ಚುಚ್ಚಿ, ಒಂದು ಎಂಎಲ್‌ಗೆ ಹತ್ತು ಸೆಕೆಂಡಿನಂತೆ ಮದ್ದು ಒತ್ತಿ.

ಕೊರತೆ: ಗೆರೆಗಳು 0.1 ಎಂಎಲ್ ಅಂತರದವು, 0.25 ಎಂಎಲ್‌ನಂಥ ಅಳತೆಗೆ 1 ಎಂಎಲ್ ಸಿರಿಂಜೇ ಸರಿ. ಬಳಸಿದ ಸೂಜಿಗೆ ಮುಚ್ಚಳ ಹಾಕದೆ, ತೂತಾಗದ ಗಟ್ಟಿ ಡಬ್ಬಿಗೆ ಹಾಕಿ.