ಎಲೆ ಮಿಡತೆಯ ಫೋಟೊ: ರಾತ್ರಿಯೋ, ಬೆಳಗಿನ ಜಾವವೋ?

ಮೈಗಿಂತ ಉದ್ದದ, ಕೂದಲೆಳೆಯಂಥ ಮೀಸೆ ಕಂಡರೆ ಅದು ಎಲೆ ಮಿಡತೆ. ಮೋಟು ಮೀಸೆಯದು ಸಾಮಾನ್ಯ ಹುಲ್ಲು ಮಿಡತೆ. ಹುಡುಕಲು ಇಷ್ಟು ಸಾಕು.

ಹುಡುಕಾಟಕ್ಕೆ ರಾತ್ರಿಯೇ ಸರಿ. ಹೆಚ್ಚಿನವು ಕತ್ತಲಾದ ಮೇಲೆ ಚುರುಕು. ಗಂಡು ಮುಂದಿನ ರೆಕ್ಕೆಗಳನ್ನು ಒಂದಕ್ಕೊಂದು ಉಜ್ಜಿ ಹಾಡುತ್ತದೆ. ಆ ಸದ್ದಿನ ಜಾಡು ಹಿಡಿಯಿರಿ. ಹತ್ತಿರ ಹೋದೊಡನೆ ಹಾಡು ನಿಂತರೆ ನೀವೂ ನಿಂತು, ಟಾರ್ಚ್ ಆರಿಸಿ ಕಾಯಿರಿ. ಕೆಲವು ಜಾತಿಗಳ ದನಿ 20 ಕಿಲೋಹರ್ಟ್ಸ್‌ಗಿಂತ ಮೇಲೆ, ನಮ್ಮ ಕಿವಿಗೆ ನಿಲುಕದು. ಬಾವಲಿಯ ಸದ್ದು ಹಿಡಿಯುವ ಡಿಟೆಕ್ಟರ್ ಇದ್ದರೆ ಅವೂ ಸಿಕ್ಕಾವು. ಆದರೆ ರಾತ್ರಿ ಚಿತ್ರ ತೆಗೆಯಲು ಫ್ಲ್ಯಾಶ್ ಬೇಕೇ ಬೇಕು, ಅದೂ ಡಿಫ್ಯೂಸರ್ (ಬೆಳಕನ್ನು ಹರಡಿ ಮೃದುವಾಗಿಸುವ ಮುಸುಕು) ಹಾಕಿ. ಇಲ್ಲದಿದ್ದರೆ ಹೊಳೆಯುವ ಮೈಮೇಲೆ ಬಿಳಿ ಕಲೆ.

ಚಿತ್ರಕ್ಕಾದರೆ ನನ್ನ ಮತ ಬೆಳಗಿನ ಜಾವಕ್ಕೆ. ತಂಪಿಗೆ ಮಿಡತೆ ಮರಗಟ್ಟಿದಂತೆ ಕೂತಿರುತ್ತದೆ. ಟ್ರೈಪಾಡ್ ಹೂಡಲು ಪುರುಸೊತ್ತು ಸಿಗುತ್ತದೆ. ತೊಂದರೆ ಒಂದೇ: ಎಲೆಯೇ ಆಗಿಬಿಟ್ಟಿರುವ ಅದನ್ನು ಕಾಣುವುದು ಹೇಗೆ? ರಾತ್ರಿಯೇ ಪೊದೆಗೆ ಗುರುತಿಟ್ಟು ಬಂದವರಿಗೆ ಸಲೀಸು.

ಎರಡಕ್ಕೂ 100 ಎಂಎಂ ಮ್ಯಾಕ್ರೊ ಲೆನ್ಸ್ (ಪುಟ್ಟದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಲೆನ್ಸ್) ಸಾಕು. ಪಕ್ಕದಿಂದಲೂ ಒಂದು ಚಿತ್ರ ತೆಗೆಯಿರಿ. ಹೆಣ್ಣಿನ ಬಾಲದ ತುದಿಯ ಕತ್ತಿಯಂಥ ಮೊಟ್ಟೆನಾಳ ಜಾತಿ ಗುರುತಿಸಲು ಬೇಕಾಗುತ್ತದೆ.