ಕೊರಿಯನ್ ಬಾರ್ಬೆಕ್ಯೂಗೆ ಗುಂಪಾಗಿ ಹೋಗ್ತೀರಾ? ‘ವೆಜ್’ ಅಂದರೆ ಸಾಲದು

ಬೆಂಗಳೂರಿನ ಕೊರಿಯನ್ ಹೋಟೆಲುಗಳಲ್ಲಿ ಮತ್ತೆ ಮತ್ತೆ ಆಗುವ ಎಡವಟ್ಟು ಇದು. ಆರು ಜನ ಸ್ನೇಹಿತರು, ಅದರಲ್ಲಿ ಇಬ್ಬರು ಸಸ್ಯಾಹಾರಿಗಳು. ಆರ್ಡರ್ ಕೊಡುವಾಗ ‘ಇಬ್ಬರಿಗೆ ವೆಜ್’ ಎಂದಿರುತ್ತಾರೆ, ಸರ್ವರ್ ಆಗಲಿ ಎಂದು ತಲೆಯಾಡಿಸಿರುತ್ತಾನೆ. ಊಟ ಅರ್ಧ ಮುಗಿದ ಮೇಲೆ ಗೊತ್ತಾಗುತ್ತದೆ: ಆ ಇಬ್ಬರ ಹೊಟ್ಟೆಗೆ ಮೊದಲ ಐದು ನಿಮಿಷದಲ್ಲೇ ಸೀಗಡಿ ಹೋಗಿದೆ, ಆಮೇಲೆ ಹಂದಿ ಕೊಬ್ಬಿನಲ್ಲಿ ಹುರಿದ ಅಣಬೆಯೂ ಹೋಗಿದೆ. ಅಲ್ಲಿಗೆ ಮಾತು ನಿಂತಿತು. ಬಿಲ್ ಬಂದಾಗ ಇನ್ನೊಂದು ಸುತ್ತು ಜಗಳ.

ಹೋಟೆಲಿನವರು ಬೇಕೆಂದೇ ಮೋಸ ಮಾಡಿದರು ಎನ್ನುವಂತಿಲ್ಲ. ಕೊರಿಯನ್ ಅಡುಗೆಯಲ್ಲಿ ಮೀನು, ಸೀಗಡಿಗಳು ತುಂಡಾಗಿ ಕಾಣುವುದಕ್ಕಿಂತ ರುಚಿಗೆ ಬೆರೆತು ಕರಗಿರುವುದೇ ಹೆಚ್ಚು. ತುಂಡು ಕಾಣದಿದ್ದರೆ ಬಡಿಸುವವನ ಲೆಕ್ಕದಲ್ಲಿ ಅದು ವೆಜ್.

ಕೂತ ತಕ್ಷಣ ಪುಟ್ಟ ಬಟ್ಟಲುಗಳಲ್ಲಿ ಬಾನ್‌ಚಾನ್ ಬರುತ್ತದೆ, ನಮ್ಮ ಬಾಳೆಎಲೆಯ ತುದಿಯಲ್ಲಿ ಕೋಸಂಬರಿ, ಪಲ್ಯ, ಉಪ್ಪಿನಕಾಯಿ ಬಂದ ಹಾಗೆ. ಅದಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ, ಕೇಳಿದರೆ ಮತ್ತೆ ಹಾಕುತ್ತಾರೆ. ಹಸಿದವರು ಮೊದಲು ಕೈ ಹಾಕುವುದು ಕೆಂಪಗಿನ ಕಿಮ್ಚಿಗೆ. ಕೋಸಿಗೆ ಉಪ್ಪು ಹಚ್ಚಿ, ನೀರು ಬಸಿದು, ಮೆಣಸಿನಪುಡಿ, ಬೆಳ್ಳುಳ್ಳಿ, ಶುಂಠಿ ಸವರುತ್ತಾರೆ. ಅದೇ ಮಸಾಲೆಯಲ್ಲಿ ಉಪ್ಪಿನಲ್ಲಿ ಹುದುಗಿಸಿದ ಸಣ್ಣ ಸೀಗಡಿಯೋ ಆಂಚೊವಿ ಮೀನಿನ ರಸವೋ ಇರುತ್ತದೆ. ಹುಳಿ ಬರುವಷ್ಟರಲ್ಲಿ ಸೀಗಡಿ ಕಣ್ಣಿಗೆ ಕಾಣುವುದಿಲ್ಲ. ಸೀಗಡಿ ಅಲರ್ಜಿ ಇದ್ದವರಿಗಂತೂ ಇದು ಆಸ್ಪತ್ರೆಗೆ ಓಡಿಸಬಹುದಾದ ವಿಷಯ. ಮೀನು ಹಾಕದ ಕಿಮ್ಚಿಯೂ ಇದೆ, ಆದರೆ ಅದನ್ನು ಬೇರೆಯಾಗಿಯೇ ಹಾಕಿಟ್ಟಿರಬೇಕು. ನೀವು ಕೇಳಿದ ಮೇಲೆ ಅಡುಗೆಮನೆಯಲ್ಲಿ ತಯಾರಾಗುವ ವಸ್ತು ಅಲ್ಲ. ಆದ್ದರಿಂದ ಹಿಂದಿನ ದಿನವೇ ಫೋನ್ ಮಾಡಿ ಕೇಳಿ.

ಸೋಯಾ ಪೇಸ್ಟಿನ ಸಾರು, ದ್ವೆನ್‌ಜಾಂಗ್ ಜಿಗೆ, ನೋಡಲು ತೋಫು ಮತ್ತು ತರಕಾರಿ ಮಾತ್ರ. ಅದರ ನೀರು ಮಾತ್ರ ಬಹುಮಟ್ಟಿಗೆ ಒಣ ಆಂಚೊವಿ ಕುದಿಸಿ ತೆಗೆದದ್ದು. ಅಕ್ಕಿ ಕಡುಬಿನ ತುಂಡುಗಳಿರುವ ತೊಕ್‌ಬೊಕ್ಕಿಯಲ್ಲೂ ಅದೇ ನೀರು, ಜೊತೆಗೆ ಮೀನಿನ ಹಿಟ್ಟಿನ ಚಪ್ಪಟೆ ಹಾಳೆಗಳು. ಅದನ್ನು ತೋಫು ಎಂದುಕೊಂಡು ತಿಂದವರಿದ್ದಾರೆ. ಕಿಮ್ಚಿ ಪ್ಯಾನ್‌ಕೇಕ್, ಕಿಮ್ಚಿ ಫ್ರೈಡ್ ರೈಸ್ ಮೆನುವಿನ ವೆಜ್ ಸಾಲಿನಲ್ಲಿದ್ದರೂ ಹಾಕುವುದು ಅದೇ ಕಿಮ್ಚಿ. ‘ಇದು ವೆಜ್ಜಾ’ ಎಂದು ಕೇಳಬೇಡಿ, ಹೌದು ಎಂಬ ಉತ್ತರವೇ ಬರುತ್ತದೆ. ‘ಫಿಶ್ ಸಾಸ್ ಇದೆಯಾ? ಸಾರಿನ ನೀರು ಯಾವುದರದ್ದು? ಮೊಟ್ಟೆ ಹಾಕ್ತೀರಾ?’ ಎಂದು ಒಂದೊಂದಾಗಿ ಹೆಸರು ಹೇಳಿ ಕೇಳಿ. ಸಸ್ಯಾಹಾರಿಗಳಿಗೆ ಸುಲಭವಾಗಿ ಹೊಂದುವುದು ಬಿಬಿಂಬಾಪ್: ಅನ್ನದ ಮೇಲೆ ಬೇಯಿಸಿದ ತರಕಾರಿ, ಗೊಚುಜಾಂಗ್ ಎಂಬ ಮೆಣಸಿನ ಪೇಸ್ಟಿನ ಖಾರ. ಮಾಂಸ, ಮೊಟ್ಟೆ ಬೇಡ ಎನ್ನಿ; ಖಾರವನ್ನು ಕೊಚ್ಚಿದ ಮಾಂಸದ ಜೊತೆ ಹುರಿದಿಲ್ಲ ಎಂದೂ ಖಚಿತ ಮಾಡಿಕೊಳ್ಳಿ. ಕಲ್ಲಿನ ಬಟ್ಟಲಲ್ಲಿ ಬಂದರೆ ಬಟ್ಟಲು ಮುಟ್ಟಬೇಡಿ, ಬೆರಳು ಸುಡುತ್ತದೆ.

ಇನ್ನು ಮೇಜಿನ ಒಲೆ. ಕೊರಿಯನ್ ಬಾರ್ಬೆಕ್ಯೂನಲ್ಲಿ ಮಾಂಸವನ್ನು ಕೂತ ಮೇಜಿನ ಮೇಲೇ ಬೇಯಿಸಿಕೊಂಡು ತಿನ್ನುತ್ತಾರೆ. ಹಂದಿಯ ಹೊಟ್ಟೆಭಾಗದ ಪದರಮಾಂಸ, ಸಾಮ್‌ಗ್ಯೊಪ್ಸಾಲ್, ಬೇಯಿಸುವ ಕಾವಲಿಯನ್ನು ಒಂದು ಕಡೆಗೆ ಬಾಗುವಂತೆ ಇಟ್ಟಿರುತ್ತಾರೆ. ಮೇಲ್ತುದಿಯಲ್ಲಿ ಮಾಂಸ, ಕರಗಿದ ಕೊಬ್ಬು ಇಳಿದು ಕೆಳತುದಿಯ ತೂತಿನಿಂದ ಬಟ್ಟಲಿಗೆ ಬೀಳುತ್ತದೆ. ಆ ದಾರಿಯಲ್ಲೇ ಕಿಮ್ಚಿ, ಅಣಬೆ, ಈರುಳ್ಳಿ ಇಡುವುದು ಪದ್ಧತಿ, ರುಚಿ ಬರುವುದೇ ಆ ಕೊಬ್ಬಿನಿಂದ. ‘ನೀವು ಅಣಬೆ ತಗೊಳ್ಳಿ’ ಎಂದು ಸಸ್ಯಾಹಾರಿ ಗೆಳೆಯನ ತಟ್ಟೆಗೆ ಹಾಕುವವರು ಇದನ್ನು ಗಮನಿಸುವುದೇ ಇಲ್ಲ. ಟಿಶ್ಯೂವಿನಲ್ಲಿ ಒರೆಸಿದರೆ ಕಾವಲಿ ಶುದ್ಧವಾಗುವುದಿಲ್ಲ. ಎರಡು ಒಲೆಯಿರುವ ಮೇಜು ಕೇಳಿ. ಇಲ್ಲವೆಂದರೆ ತರಕಾರಿಯನ್ನು ಒಳಗೇ ಬೇರೆ ಬಾಣಲೆಯಲ್ಲಿ ಹುರಿದು ತರಲು ಹೇಳಿ.

ಮಾಂಸ ತಿನ್ನುವವರಿಗೂ ಎಚ್ಚರಿಕೆ ಇದೆ. ಹಸಿ ಮಾಂಸ ಎತ್ತಲು ಒಂದು ಇಕ್ಕಳ, ಬೆಂದದ್ದಕ್ಕೆ ಇನ್ನೊಂದು. ಒಂದೇ ಕೊಟ್ಟಿದ್ದರೆ ಎರಡನೆಯದನ್ನು ಕೇಳಿ ತೆಗೆದುಕೊಳ್ಳಿ, ತಿನ್ನುವ ಕಡ್ಡಿಯಿಂದ ಹಸಿ ಮಾಂಸ ಮಗುಚಬೇಡಿ. ಮಸಾಲೆ ಹಾಕದ್ದನ್ನು ಮೊದಲು ಬೇಯಿಸಿ. ಬುಲ್ಗೊಗಿಯಂಥ ಮಸಾಲೆ ಮಾಂಸದಲ್ಲಿ ಸೋಯಾ ಸಾಸಿನ ಜೊತೆ ಸಕ್ಕರೆಯೂ ಇರುವುದರಿಂದ ಹೊರಗೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಉರಿ ತಗ್ಗಿಸಿ, ಕಾವಲಿ ಬದಲಿಸಲು ಹೇಳಿ. ದಪ್ಪ ಹೋಳನ್ನು ಎರಡೂ ಕಡೆ ಕಂದಿಸಿ, ಆಮೇಲೆ ಕತ್ತರಿಯಿಂದ ಬೆರಳಗಲಕ್ಕೆ ಕತ್ತರಿಸಿ, ಕತ್ತರಿಸಿದ ಬದಿಯ ಗುಲಾಬಿ ಬಣ್ಣ ಹೋಗುವ ತನಕ ಬೇಯಿಸಿ. ಅರೆಬೆಂದ ಹಂದಿಮಾಂಸದಿಂದ ಲಾಡಿಹುಳು ಬರಬಹುದು. ಕೋಳಿಯಾದರೆ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಇದ್ದಿಲ ಒಲೆಯಾದರೆ ಮೇಲಿನ ಹೊಗೆ ಕೊಳವೆಯನ್ನು ಒಲೆಯ ಹತ್ತಿರಕ್ಕೆ ಇಳಿಸಿಕೊಳ್ಳಿ. ಹೊಗೆ ಅದರೊಳಗೆ ಹೋಗದೆ ಮುಖಕ್ಕೆ ಬರುತ್ತಿದ್ದರೆ ಮೇಜು ಬದಲಿಸಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನಿಂದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡರೆ ತಲೆನೋವಿನಲ್ಲಿ ಶುರುವಾದದ್ದು ಅಲ್ಲಿಗೇ ನಿಲ್ಲದು.

ಕೊರಿಯಾದ ಮದ್ಯ ಸೋಜು ಸಿಹಿಯಾಗಿ ಇಳಿಯುತ್ತದೆ, ಅದೇ ತೊಂದರೆ. 360 ಮಿಲಿಯ ಶೇ 16ರ ಬಾಟಲಿಯಲ್ಲಿ ಸುಮಾರು 58 ಮಿಲಿ ಶುದ್ಧ ಮದ್ಯ, ಅಂದರೆ 30 ಮಿಲಿಯ ನಾಲ್ಕೂವರೆ ಪೆಗ್ ವಿಸ್ಕಿ. ಬೈಕಿನ ಕೀಲಿ ಮನೆಯಲ್ಲೇ ಬಿಟ್ಟು ಬನ್ನಿ.

ಬಿಲ್ಲಿನ ಜಗಳಕ್ಕೆ ಕಾರಣ ಸಾಮಾನ್ಯವಾಗಿ ಮೆನುವಿನ ಸಣ್ಣಕ್ಷರ. ಮಾಂಸದ ಬೆಲೆ ಒಬ್ಬರ ಪಾಲಿಗೆ, ಆದರೆ ಕನಿಷ್ಠ ಎರಡು ಪಾಲು ತೆಗೆದುಕೊಳ್ಳಬೇಕು ಎಂಬ ನಿಯಮ ಹಲವು ಕಡೆ ಇದೆ. ಬರೆದಿರುವ ಗ್ರಾಂ ಹಸಿ ಮಾಂಸದ್ದು, ಬೆಂದಾಗ ಚೆನ್ನಾಗಿಯೇ ಕುಗ್ಗುತ್ತದೆ. ‘ಬೇಕಾದಷ್ಟು ತಿನ್ನಿ’ ಯೋಜನೆಯಾದರೆ ಸಮಯದ ಮಿತಿ, ಉಳಿಸಿದ್ದಕ್ಕೆ ದಂಡ ಎಷ್ಟು ಎಂದು ಕೂರುವ ಮುಂಚೆ ಕೇಳಿ. ಸಸ್ಯಾಹಾರಿಗಳಿಗೂ ಪೂರ್ತಿ ದರವಾ ಎಂಬುದನ್ನೂ. ಸರ್ವೀಸ್ ಚಾರ್ಜ್ ಸೇರಿಸಿದ್ದರೆ ತೆಗೆಸಿ: ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಒಪ್ಪದಿದ್ದರೆ ಅಲ್ಲೇ ಕೂತು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.